ಸೂತಕ ಬೇರೆ, ಸೋಂಕು ಬೇರೆ

ಪಂಚಸೂತಕಗಳನ್ನು ಒಪ್ಪದ ಧರ್ಮ ನಮ್ಮದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದರಿಂದ ಮನುಷ್ಯ ಮೈಲಿಗೆಯಾಗುವುದಿಲ್ಲ ಎಂದು ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲೇ ಸಾರಿದರು. ಈ ಮಾತನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಆದರೆ ಕೊರೋನಾ ಕಾಲದಲ್ಲಿ ಈ ಮಾತು ತನ್ನದಲ್ಲದ ಜಾಗದಲ್ಲಿ ಬಳಕೆಯಾದುದನ್ನು ನಾನು ಕೇಳಿದ್ದೇನೆ. "ನಮಗ ಸೂತಕ ಇಲ್ಲ, ಮಾಸ್ಕ್ ಯಾಕ್ರಿ?" ಎಂದವರು ನಮ್ಮ ಸೀಮೆಯಲ್ಲಿದ್ದರು. ಮುಂಬಯಿಯಿಂದ ಮರಳಿದ ಕೂಲಿಯವರ ಕ್ವಾರಂಟೈನ್ ಮುಗಿದು ವಾರ ಕಳೆದರೂ ಅವರನ್ನು ನಳದ ಹತ್ತಿರ ಬಿಡದವರೂ ಇದೇ ಸೀಮೆಯಲ್ಲಿದ್ದರು. ಮೊದಲಿನವರು ಸೋಂಕನ್ನು ಸೂತಕವೆಂದು ತಿಳಿದು ತಳ್ಳಿಹಾಕಿದರು. ಎರಡನೆಯವರು ಸೋಂಕಿನ ಹೆಸರಿನಲ್ಲಿ ಸೂತಕವನ್ನೇ ಆಚರಿಸಿದರು. ಇಬ್ಬರ ಗೊಂದಲವೂ ಒಂದೇ.

ಸೂತಕಕ್ಕೆ ಅಳತೆಯಿಲ್ಲ, ಪರೀಕ್ಷೆಯಿಲ್ಲ. ಜಾತಿಸೂತಕವಂತೂ ಹುಟ್ಟಿದಂದು ಅಂಟಿದರೆ ಸಾಯುವವರೆಗೂ ಬಿಡದು. ಸೋಂಕಿಗೆ ಅಳತೆಯಿದೆ. ಫ್ಲೂ ವೈರಾಣು ಮೈಯೊಳಗೆ ಹೊಕ್ಕ ಒಂದರಿಂದ ನಾಲ್ಕು ದಿನಗಳಲ್ಲಿ ಜ್ವರ ಬರುತ್ತದೆ. ಜ್ವರ ಬರುವ ಒಂದು ದಿನ ಮೊದಲೇ ಅದು ಇನ್ನೊಬ್ಬರಿಗೆ ದಾಟಬಲ್ಲದು. ಜಡ್ಡು ಬಿದ್ದ ಮೇಲೆ ಸಾಮಾನ್ಯವಾಗಿ ಐದರಿಂದ ಏಳು ದಿನ, ಮಕ್ಕಳಲ್ಲಿ ಇನ್ನೂ ತುಸು ಹೆಚ್ಚು ದಿನ ದಾಟುತ್ತಿರುತ್ತದೆ. ಅಲ್ಲಿಗೆ ಮುಗಿಯಿತು. ಜ್ವರ ಇಳಿದು ಮೈ ಹಗುರಾದ ಆ ಮನುಷ್ಯ ಮರುದಿನ ನಮ್ಮ ಪಂಕ್ತಿಯಲ್ಲಿ ಕೂಡಬಹುದು, ಕೂಡಬೇಕು. ಏಳು ದಿನ ದೂರ ಇಡುವುದು ವಿವೇಕ. ಎಂಟನೆಯ ದಿನವೂ ದೂರ ಇಡುವುದು ಅಸ್ಪೃಶ್ಯತೆ. ಈ ಗೆರೆಯನ್ನು ಜಡ್ಡು ಬಂದ ಮೇಲೆ ಎಳೆಯಲು ಆಗುವುದಿಲ್ಲ. ಆಗ ಎಲ್ಲರ ತಲೆಯಲ್ಲೂ ಭಯ ಕೂತಿರುತ್ತದೆ. ಈಗಲೇ ಎಳೆಯಬೇಕು.

ಕೊರೋನಾ ಮುಗಿಯಿತಲ್ಲ, ಈಗೇಕೆ ಫ್ಲೂ ಮಾತು ಎಂದು ಕೇಳಬಹುದು. ಫ್ಲೂ ಮಹಾಮಾರಿ 1918, 1957, 1968 ಮತ್ತು 2009ರಲ್ಲಿ ಬಂದುಹೋಗಿದೆ. ಮತ್ತೆ ಬರುತ್ತದೆ ಎನ್ನುವುದರಲ್ಲಿ ವಿಜ್ಞಾನಿಗಳಿಗೆ ಸಂಶಯವಿಲ್ಲ, ವರ್ಷ ಮಾತ್ರ ಯಾರೂ ಹೇಳಲಾರರು. 1918ರದ್ದು ಎಲ್ಲಕ್ಕಿಂತ ಭೀಕರ. ಆ ವರ್ಷ ಜೂನ್‌ನಲ್ಲಿ ಮುಂಬಯಿ ಬಂದರಿಗೆ ಬಂದ ಬೇನೆ ಮೊದಲು ಹಗುರವಾಗಿಯೇ ಹೋಯಿತು. ಸೆಪ್ಟೆಂಬರ್‌ನಲ್ಲಿ ತಿರುಗಿ ಬಂದಾಗ ಕೊಲ್ಲತೊಡಗಿತು. ಅಕ್ಟೋಬರ್ 6ರಂದು ಒಂದೇ ದಿನ ಮುಂಬಯಿ ನಗರದಲ್ಲಿ 768 ಸಾವುಗಳು ದಾಖಲಾದವು. ಆಗ ಬೆಳಗಾವಿ ಮುಂಬಯಿ ಇಲಾಖೆಯಲ್ಲಿತ್ತು, ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆದರೆ ಪುಣೆ, ಮಿರಜ, ಬೆಳಗಾವಿ ರೈಲು ಆಗಲೇ ಕುಡಚಿ, ರಾಯಬಾಗಗಳ ಮೇಲಿಂದ ಓಡುತ್ತಿತ್ತು. ಬೇನೆಗೆ ಸಂಸ್ಥಾನದ ಗಡಿ ಗೊತ್ತಿರಲಿಲ್ಲ. ಅದೇ ವರ್ಷ ಮಳೆಯೂ ಕೈಕೊಟ್ಟಿತು. ಹಸಿದ ಹೊಟ್ಟೆಯ ಜನರಿಗೆ ಜ್ವರ ಬಂತು. ಮರಾಠಿ ಸೀಮೆಯಲ್ಲಿ ಅದಕ್ಕೆ 'ಮಾನಮೋಡಿ' ಎಂದರು, ಅಂದರೆ ಕತ್ತು ಮುರಿಯುವ ಬೇನೆ. ಭಾರತದಲ್ಲಿ ಸತ್ತವರ ಅಂದಾಜು 1.2 ಕೋಟಿಯಿಂದ 2 ಕೋಟಿಯವರೆಗೂ ಹೋಗುತ್ತದೆ. ಜನಗಣತಿಯ ಇತಿಹಾಸದಲ್ಲಿ 1911 ಮತ್ತು 1921ರ ನಡುವೆ ಮಾತ್ರ ನಮ್ಮ ದೇಶದ ಜನಸಂಖ್ಯೆ ಇಳಿದದ್ದು. ಮತ್ತೊಂದು ಸಂಗತಿ: ಆ ಜ್ವರ 20ರಿಂದ 40 ವಯಸ್ಸಿನ ಗಟ್ಟಿಮುಟ್ಟಾದವರನ್ನೇ ಹೆಚ್ಚಾಗಿ ಒಯ್ದಿತು. ದುಡಿಯುವವರು ಹೋದರು, ಮುದುಕರು ಮತ್ತು ಮಕ್ಕಳು ಉಳಿದರು.

2009ರಲ್ಲಿ ಎಚ್1ಎನ್1 ಬಂದಾಗ ದೇಶದ ಮೊದಲ ಸಾವು ಆಗಸ್ಟ್ 3ರಂದು ಪುಣೆಯಲ್ಲಿ ಆಯಿತು, ಶಾಲೆಗೆ ಹೋಗುವ ಹುಡುಗಿ. ಪುಣೆ ನಮಗೆ ದೂರದ ಊರಲ್ಲ. ರಾಯಬಾಗ, ಚಿಕ್ಕೋಡಿ, ಅಥಣಿ ತಾಲ್ಲೂಕುಗಳ ಎಷ್ಟು ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಪುಣೆ, ಇಚಲಕರಂಜಿ, ಕೊಲ್ಹಾಪುರಗಳಲ್ಲಿ ದುಡಿಯುತ್ತಿಲ್ಲ? ಹಬ್ಬಕ್ಕೆ ಅವರು ಊರಿಗೆ ಬಂದೇ ಬರುತ್ತಾರೆ.

ಕೃಷ್ಣೆಯ ದಂಡೆಯವರಿಗೆ ನಾನು ಹೊಸದಾಗಿ ಕಲಿಸಬೇಕಾದುದು ಏನೂ ಇಲ್ಲ. 2005ರಲ್ಲಿ, 2019ರಲ್ಲಿ ನೀರು ಏರಿದಾಗ ನಮ್ಮ ಜನ ಏನು ಮಾಡಿದರು? ಇಲ್ಲಿ ಬಿಸಿಲಿದ್ದರೂ "ಕೊಯ್ನಾದಿಂದ ಎಷ್ಟ ಬಿಟ್ಟಾರ? ರಾಜಾಪುರ ಬ್ಯಾರೇಜಿನಿಂದ ಎಷ್ಟ ಬರಾಕತ್ತೈತಿ?" ಎಂದು ಕೇಳಿದರು. ಕಲ್ಲೋಳ-ಯಡೂರ ಸೇತುವೆ ಮುಳುಗಿತೆಂದರೆ ಮುಂದೆ ಯಾವುದು ಎಂದು ಅವರಿಗೆ ಗೊತ್ತು. ದನಗಳನ್ನು ಎತ್ತರದ ಜಾಗಕ್ಕೆ ಹೊಡೆದರು, ಉತಾರ, ಪಾಸ್‌ಬುಕ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡರು. ಮೇಲಿನ ಸುದ್ದಿ ಕೇಳಿ ಕೆಳಗೆ ಸಜ್ಜಾಗುವ ಈ ಬುದ್ಧಿ ನಮಗೆ ನೀರಿನ ವಿಷಯದಲ್ಲಿದೆ, ಜ್ವರದ ವಿಷಯದಲ್ಲಿಲ್ಲ. ಜ್ವರಕ್ಕೆ ಮೇಲಿನ ಆಣೆಕಟ್ಟು ಮುಂಬಯಿ, ಪುಣೆ. ಊರಿನ ಮಾಪನಪಟ್ಟಿ ನಮ್ಮ ಶಾಲೆಯ ಹಾಜರಿ ಪುಸ್ತಕ. ಒಂದು ವಾರದಲ್ಲಿ ಜ್ವರದಿಂದ ಗೈರಾದ ಮಕ್ಕಳ ಸಂಖ್ಯೆ ಏಕಾಏಕಿ ಏರಿದರೆ ನೀರು ಬಂತು ಎಂದೇ ತಿಳಿಯಿರಿ. ಮುಖ್ಯಾಧ್ಯಾಪಕರು ಆ ಲೆಕ್ಕವನ್ನು ವಾರಕ್ಕೊಮ್ಮೆ ಆಶಾ ಕಾರ್ಯಕರ್ತೆಗೆ ಹೇಳಿದರೆ ಸಾಕು, ಐದು ಪೈಸೆಯ ಖರ್ಚಿಲ್ಲ.

ಸೇತುವೆಯ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಅಷ್ಟೇ ನೀರು ಎಂಟು ದಿನಗಳಲ್ಲಿ ಹರಿದರೆ ಕಮಾನಿನ ಕೆಳಗೆ ಹೋಗುತ್ತದೆ, ಎರಡೇ ದಿನಗಳಲ್ಲಿ ಬಂದರೆ ಸೇತುವೆಯ ಮೇಲೆ ಹೋಗುತ್ತದೆ. ಊರಿನ ಇನ್ನೂರು ಜನರಿಗೆ ಜ್ವರ ಬರುವುದೇ ಆದರೆ ಎರಡು ತಿಂಗಳಲ್ಲಿ ಹಂಚಿ ಬರಲಿ. ಎರಡು ವಾರದಲ್ಲಿ ಬಂದರೆ ಹಾಸಿಗೆ ಸಿಗುವುದಿಲ್ಲ, ನೀರು ಬಿಡುವವನಿರುವುದಿಲ್ಲ, ಹಾಲು ಅಳೆಯುವವನಿರುವುದಿಲ್ಲ. ಮಾಸ್ಕ್, ದೂರ, ಕಿಟಕಿ ಎಂದು ನಾವು ಮಾಡುವ ಎಲ್ಲ ಕೆಲಸದ ಅರ್ಥ ಇಷ್ಟೇ.

ಮನೆಯ ಮಾತಿಗೆ ಬರುತ್ತೇನೆ. ಜಡ್ಡಾದವರಿಗೆ ಒಂದು ಕೋಣೆ, ಅದಕ್ಕೆ ಎದುರುಬದುರಾಗಿ ಗಾಳಿ ಆಡುವ ಎರಡು ತೆರಪು. ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇತ್ತು, ಬಿಸಿಗಾಳಿ ಮೇಲೆ ಹೋಗುತ್ತಿತ್ತು. ಈಗ ಸ್ಲ್ಯಾಬ್ ಹಾಕಿ ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿ ಕೂಡ್ರಿಸುತ್ತೇವೆ, ಅದು ಎಷ್ಟು ತೆರೆದರೂ ಅರ್ಧವೇ. ಹೊಸ ಮನೆ ಕಟ್ಟುವವರು ಒಂದು ಕೋಣೆಗಾದರೂ ಪೂರ್ತಿ ತೆರೆಯುವ ಬಾಗಿಲಿನ ಕಿಟಕಿ ಇಡಲಿ, ಮೇಲೊಂದು ಎಕ್ಸಾಸ್ಟ್ ಫ್ಯಾನ್ ಹಾಕಲಿ. ಕೋಣೆಯೇ ಇಲ್ಲದ ಮನೆಯವರಿಗೆ ಪಡಸಾಲೆಯ ತುದಿಯೂ ಆದೀತು, ಒಳಗಿನ ಮುಚ್ಚಿದ ಮೂಲೆಗಿಂತ ಅದು ಮೇಲು. ಆರೈಕೆಗೆ ಒಬ್ಬರೇ ಇರಲಿ, ಮುದುಕರೂ ಬಸುರಿಯೂ ಬೇಡ. ನಮ್ಮಲ್ಲಿ ಆ ಒಬ್ಬರು ಯಾವಾಗಲೂ ಸೊಸೆಯೇ ಆಗಿರುತ್ತಾರೆ. ಅಡುಗೆ, ಹೈನು, ಅತ್ತೆ-ಮಾವಂದಿರ ಸೇವೆ ಎಲ್ಲವೂ ಅವಳ ತಲೆಯ ಮೇಲೆ ಇರುವಾಗ ಜಡ್ಡಾದವರನ್ನೂ ಅವಳಿಗೇ ಒಪ್ಪಿಸಿದರೆ ಬೇನೆ ಇಡೀ ಮನೆಗೆ ಹಬ್ಬಲು ಅದಕ್ಕಿಂತ ಸುಲಭ ದಾರಿಯಿಲ್ಲ. ಗಂಡಸರು ಗಂಜಿ ಕಾಸಲು, ಎಮ್ಮೆ ಹಿಂಡಲು ಈಗಲೇ ಕಲಿತುಕೊಂಡರೆ ಒಳ್ಳೆಯದು.

ಥರ್ಮಾಮೀಟರು, ಪಲ್ಸ್ ಆಕ್ಸಿಮೀಟರು, ಪ್ಯಾರಾಸಿಟಮಾಲ್, ಓಆರ್‌ಎಸ್, ಸಾಬೂನು, ಮಾಸ್ಕ್ ಮನೆಯಲ್ಲಿರಲಿ. ಬಿಪಿ, ಸಕ್ಕರೆ ರೋಗದವರ ಗುಳಿಗೆ ಒಂದು ತಿಂಗಳಿಗಾಗುವಷ್ಟು ಮುಂಚಿತವಾಗಿ ಇರಲಿ. ಉಸಿರು ಏದುಸಿರಾದರೆ, ಎದೆ ನೋವು ಬಂದರೆ, ತುಟಿ ನೀಲಿಯಾದರೆ, ಮಾತು ತೊದಲಿದರೆ, ಆಕ್ಸಿಮೀಟರು 94ಕ್ಕಿಂತ ಕೆಳಗೆ ತೋರಿಸಿದರೆ, ಬಿಟ್ಟ ಜ್ವರ ಮತ್ತೆ ಏರಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಫ್ಲೂಗೆ ಇರುವ ಒಸೆಲ್ಟಾಮಿವಿರ್ ಔಷಧ ಮೊದಲ 48 ಗಂಟೆಗಳಲ್ಲಿ ಕೊಟ್ಟರೆ ಹೆಚ್ಚು ಗುಣ, ಅದನ್ನು ವೈದ್ಯರೇ ಬರೆದುಕೊಡಬೇಕು. ಅಂಗಡಿಯಿಂದ ತಂದ ಆ್ಯಂಟಿಬಯಾಟಿಕ್ ವೈರಾಣುವಿಗೆ ಏನೂ ಮಾಡದು. ಅರವತ್ತು ದಾಟಿದವರು, ಬಸುರಿಯರು, ದಮ್ಮು ಮತ್ತು ಸಕ್ಕರೆ ಇರುವವರು ವರ್ಷಕ್ಕೊಮ್ಮೆ ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಲಿ. ಹೊಸ ಮಹಾಮಾರಿಗೆ ಹೊಸ ಲಸಿಕೆ ಬರಲು ತಿಂಗಳುಗಳೇ ಬೇಕು, ಆ ತಿಂಗಳುಗಳನ್ನು ನಾವೇ ದಾಟಬೇಕು.

ಆಸ್ಪತ್ರೆ ಎಂದರೆ ನಮ್ಮ ಭಾಗದವರ ಕಾಲು ತಾನಾಗಿ ಮಿರಜಿನ ಕಡೆ ಹೊರಡುತ್ತದೆ. ಆದರೆ ಕೊರೋನಾ ಕಾಲದಲ್ಲಿ ಕಾಗವಾಡ, ಕೊಗನೊಳ್ಳಿ ಚೆಕ್‌ಪೋಸ್ಟ್‌ಗಳಲ್ಲಿ ಏನಾಯಿತು ಎಂಬುದನ್ನು ಮರೆಯಬೇಡಿ. 2021ರಲ್ಲಿ ಆರ್‌ಟಿಪಿಸಿಆರ್ ವರದಿಯಿಲ್ಲದೆ ಆ ಕಡೆಯಿಂದ ಈ ಕಡೆ ಬರುವುದೇ ಕಷ್ಟವಾಯಿತು. ಗಡಿ ಮುಚ್ಚಿದರೆ ಬೆಳಗಾವಿಯಲ್ಲಿ ಯಾವ ಆಸ್ಪತ್ರೆ, ಗಾಡಿ ಯಾರದು ಎಂದು ಪ್ರತಿ ಮನೆಯೂ ಈಗಲೇ ನಿಶ್ಚಯಿಸಿಕೊಂಡಿರಲಿ.

ದಿನಸಿ ಕೂಡಿಡುವ ವಿಷಯದಲ್ಲಿ ಒಬ್ಬ ಶರಣರು ತಕರಾರು ಎತ್ತಿದರು. ಆಯ್ದಕ್ಕಿ ಮಾರಯ್ಯ ಆ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಿರುಗಿ ಕಳಿಸಿದಳಲ್ಲ, ಕೂಡಿಡುವುದು ಶರಣಧರ್ಮವೇ ಎಂದು. ಒಳ್ಳೆಯ ಪ್ರಶ್ನೆ. ಲಕ್ಕಮ್ಮ ತಡೆದದ್ದು ಇನ್ನೊಬ್ಬರ ಪಾಲು ನಮ್ಮ ಮನೆಗೆ ಬರುವುದನ್ನು. ಸುಗ್ಗಿಯಲ್ಲಿ, ಅಂಗಡಿ ತುಂಬಿರುವಾಗ, ಎರಡು ವಾರದ ಜೋಳ, ಬೇಳೆ, ಬೆಲ್ಲ ತೆಗೆದಿಟ್ಟರೆ ಯಾರ ಪಾಲೂ ಕಡಿಮೆಯಾಗದು. ಅದೇ ಕೆಲಸವನ್ನು ಲಾಕ್‌ಡೌನ್ ಸುದ್ದಿ ಕೇಳಿ ರಾತ್ರಿ ಓಡಿಹೋಗಿ ಮಾಡಿದರೆ ದಿನಗೂಲಿಯವನ ಬೇಳೆಯನ್ನು ನಾವು ಎತ್ತಿಕೊಂಡು ಬಂದ ಹಾಗೆ. ಇರುವವರು ಮೊದಲೇ ತೆಗೆದಿಟ್ಟರೆ ಕಷ್ಟದ ದಿನ ಅಂಗಡಿಯ ಸಾಲಿನಲ್ಲಿ ಅವರು ನಿಲ್ಲುವುದಿಲ್ಲ, ಆ ಸಾಲು ಇಲ್ಲದವರಿಗೆ ಉಳಿಯುತ್ತದೆ. ಲಕ್ಕಮ್ಮ ಇದಕ್ಕೆ ಬೇಡ ಎನ್ನಲಾರಳು ಎಂದು ನನ್ನ ನಂಬಿಕೆ.

ಮಠಗಳ ವಿಷಯ ಸ್ವಲ್ಪ ಸೂಕ್ಷ್ಮ, ಆದರೂ ಹೇಳುತ್ತೇನೆ. ಗುಡಿಗೆ ಹೋಗದೆ ದೇವರಿಲ್ಲ ಎನ್ನುವವರಿಗೆ ಮಹಾಮಾರಿ ದೊಡ್ಡ ಸಂಕಟ. ನಮಗೆ ಹಾಗಲ್ಲ. ಇಷ್ಟಲಿಂಗ ಅಂಗೈಯಲ್ಲಿದೆ, ಅವರವರ ಪೂಜೆ ಅವರವರದು, ನಡುವೆ ಪೂಜಾರಿಯಿಲ್ಲ, ನೂಕುನುಗ್ಗಲಿಲ್ಲ. ಇಷ್ಟು ಅನುಕೂಲದ ಧರ್ಮ ಕೈಯಲ್ಲಿದ್ದೂ ನಾವು ಜಾತ್ರೆ, ಅಡ್ಡಪಲ್ಲಕ್ಕಿ, ಪಾದಪೂಜೆಯ ಸಾಲುಗಳನ್ನು ಬೆಳೆಸಿಕೊಂಡಿದ್ದೇವೆ. ಎಂಬತ್ತು ವಯಸ್ಸಿನ ಪೂಜ್ಯರ ಪಾದವನ್ನು ದಿನಕ್ಕೆ ಮುನ್ನೂರು ಜನ ಮುಟ್ಟಿ, ಮುಖದ ಹತ್ತಿರ ಬಗ್ಗಿ ಮಾತಾಡಿದರೆ ನಾವು ಅವರಿಗೆ ಭಕ್ತಿ ಕೊಡುತ್ತಿದ್ದೇವೆಯೋ ಜ್ವರ ಕೊಡುತ್ತಿದ್ದೇವೆಯೋ? ಪಾದೋದಕವನ್ನು ಒಂದೇ ಬಟ್ಟಲಿನಿಂದ ಎಲ್ಲರೂ ತೆಗೆದುಕೊಳ್ಳುವ ರೂಢಿಗೂ ಇದೇ ಮಾತು. ಜ್ವರದ ಸುದ್ದಿ ಬಂದ ದಿನದಿಂದ ಇವೆರಡೂ ನಿಲ್ಲಬೇಕು. ನಿಲ್ಲಿಸುವ ಮಾತು ಪೂಜ್ಯರ ಬಾಯಿಂದಲೇ ಬರಬೇಕು, ತಹಶೀಲ್ದಾರರು ಹೇಳಿದರೆ ಭಕ್ತರು ಕೇಳುವುದಿಲ್ಲ. ಕೈಮುಗಿದು ದೂರದಿಂದ ಶರಣು ಎಂದರೆ ಶರಣಾರ್ಥಿ ಎಂಬ ಉತ್ತರ ಬಂದೇ ಬರುತ್ತದೆ.

ದಾಸೋಹ ಮಾತ್ರ ನಿಲ್ಲಬಾರದು, ಅದರ ದಿಕ್ಕು ಬದಲಾಗಬೇಕು. ಜನ ಪ್ರಸಾದಕ್ಕೆ ಬರುವ ಬದಲು ಪ್ರಸಾದ ಜನರ ಹತ್ತಿರ ಹೋಗಲಿ. ಅಡುಗೆಯವರನ್ನು ಎರಡು ತಂಡ ಮಾಡಿ, ಒಂದು ತಂಡ ಇನ್ನೊಂದನ್ನು ಸಂಧಿಸದಂತೆ ಇಟ್ಟರೆ ಒಂದು ತಂಡ ಮಲಗಿದರೂ ಒಲೆ ಆರುವುದಿಲ್ಲ.

ಕೆಲಸದ ಜಾಗಗಳಿಗೂ ಇದೇ ಸೂತ್ರ: ನಿಲ್ಲಬಾರದ ಪ್ರತಿ ಕೆಲಸಕ್ಕೂ ಎರಡನೆಯ ಕೈ. ಪಂಚಾಯತಿಯ ನೀರು ಬಿಡುವವನಿಗೆ, ಹಾಲಿನ ಡೇರಿಗೆ, ಪಿಕೆಪಿಎಸ್ ಸೆಕ್ರೆಟರಿಗೆ, ಲೈನ್‌ಮನ್‌ಗೆ ಬದಲಿ ಯಾರು? ಸಕ್ಕರೆ ಕಾರ್ಖಾನೆಯ ಬಾಯ್ಲರ್ ಅಟೆಂಡೆಂಟ್‌ಗೆ ಸರ್ಟಿಫಿಕೇಟ್ ಬೇಕು, ಅವನ ಜಾಗದಲ್ಲಿ ಸಿಕ್ಕವರನ್ನು ನಿಲ್ಲಿಸಲಾಗದು. ಮೂರು ಪಾಳಿಯ ಅಟೆಂಡೆಂಟರೂ ಒಂದೇ ಕೋಣೆಯಲ್ಲಿ ಚಹಾ ಕುಡಿದು ಒಟ್ಟಿಗೇ ಮಲಗಿದರೆ ಕಾರ್ಖಾನೆಯೇ ಮಲಗುತ್ತದೆ, ಕಡಿದ ಕಬ್ಬು ಯಾರ್ಡಿನಲ್ಲಿ ಒಣಗಿ ತೂಕ ಕಳೆದುಕೊಳ್ಳುತ್ತದೆ. ನಮ್ಮ ದೇಶದಲ್ಲಿ ಫ್ಲೂ ಮಳೆಗಾಲದಲ್ಲೊಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ಏರುತ್ತದೆ. ಆ ಎರಡನೆಯದು ಕಬ್ಬು ನುರಿಸುವ ಹಂಗಾಮಿನಲ್ಲೇ ಬರುತ್ತದೆ.

ಕಾಯಕ ತಪ್ಪಿಸಬಾರದು ಎಂಬ ತತ್ವವನ್ನು ಜ್ವರದಲ್ಲೂ ದುಡಿ ಎಂದು ಓದುವವರಿದ್ದಾರೆ. ಸರ್ಕಾರಿ ಕಚೇರಿಗಳಲ್ಲಿ ಮಾರ್ಚ್ ತಿಂಗಳ ಬಿಲ್ಲಿನ ಗದ್ದಲದಲ್ಲಿ ಕೆಮ್ಮುತ್ತ ಕೂತವರನ್ನು ನಿಷ್ಠಾವಂತರೆಂದು ಹೊಗಳುವುದನ್ನು ನಾನು ಮೂರು ದಶಕ ನೋಡಿದ್ದೇನೆ. ಅವರ ಒಂದು ದಿನದ ಹಾಜರಿಗೆ ಪಕ್ಕದ ನಾಲ್ವರು ವಾರಗಟ್ಟಲೆ ರಜೆ ಹಾಕುತ್ತಿದ್ದರು. ಆದರೆ ಅವರಿಗೆ ರಜೆಯಾದರೂ ಇತ್ತು. ಬೀಡ್ ಕಡೆಯಿಂದ, ವಿಜಯಪುರ ಕಡೆಯಿಂದ ಬಂದು ಹೊಲದ ಬದುವಿನಲ್ಲಿ ಗುಡಿಸಲು ಹಾಕುವ ಕಬ್ಬು ಕಡಿಯುವವರಿಗೆ ಟನ್ನಿನ ಲೆಕ್ಕದಲ್ಲಿ ಕೂಲಿ, ತಲೆಯ ಮೇಲೆ ಮುಂಗಡದ ಸಾಲ. ನಿಪ್ಪಾಣಿಯ ಬೀಡಿ ಕಟ್ಟುವ ತಾಯಂದಿರಿಗೆ ಸಾವಿರ ಬೀಡಿಯ ಲೆಕ್ಕ. ಇವರಿಗೆ ಏಳು ದಿನ ಮನೆಯಲ್ಲಿರು ಎಂದರೆ ಏಳು ದಿನ ಉಪವಾಸವಿರು ಎಂದಂತೆ. ಅವರು ಜ್ವರ ಮುಚ್ಚಿಟ್ಟು ಬರುತ್ತಾರೆ, ಬರದೆ ಏನು ಮಾಡಿಯಾರು? ಆದ್ದರಿಂದ ಕಾರ್ಖಾನೆ, ಕಬ್ಬು ಬೆಳೆಗಾರ, ಮಠ ಮೂವರೂ ಸೇರಿ ಜಡ್ಡಿನ ದಿನಗಳ ಕೂಲಿಗೆ ಒಂದು ನಿಧಿ ಇಡಬೇಕು. ಟನ್ನಿಗೆ ಒಂದು ರೂಪಾಯಿ ತೆಗೆದಿಟ್ಟರೂ ಹತ್ತು ಲಕ್ಷ ಟನ್ ನುರಿಸುವ ಕಾರ್ಖಾನೆಯಲ್ಲಿ ಒಂದು ಹಂಗಾಮಿಗೆ ಹತ್ತು ಲಕ್ಷ ರೂಪಾಯಿ. ಇದು ದಾನವಲ್ಲ, ದಾಸೋಹ.

ಸಾವಿನ ಬಗ್ಗೆಯೂ ಮೊದಲೇ ಮಾತಾಡಿಕೊಳ್ಳಬೇಕು. ಕೊರೋನಾದಲ್ಲಿ ಕ್ರಿಯಾಸಮಾಧಿ ಹೇಗೆ, ಯಾರು ಮುಟ್ಟಬೇಕು ಎಂದು ಅಳುವ ಮನೆಯ ಮುಂದೆ ನಿಂತು ವಾದ ಮಾಡಿದರು. ಮೈ ತೊಳೆಯದೆಯೂ, ನಾಲ್ಕೇ ಜನ ನಿಂತರೂ ಸಮಾಧಿ ಸಮಾಧಿಯೇ ಎಂದು ಮಠಾಧೀಶರು ಒಂದು ಪುಟದ ಕ್ರಮ ಬರೆದು ಪ್ರತಿ ಊರಿಗೆ ಕಳಿಸಲಿ, ಮರಣಸೂತಕ ಒಪ್ಪದ ಪರಂಪರೆಗೆ ಇದು ಕಷ್ಟವಾಗಬಾರದು.

ಅಲಖನೂರಿನಂಥ ಊರಿನಲ್ಲಿ ಆರಂಭಿಸಬೇಕಾದ ಕೆಲಸ ಚಿಕ್ಕದು. ಮಕ್ಕಳು ಪುಣೆ, ಬೆಂಗಳೂರು ಸೇರಿ ಒಂಟಿಯಾಗಿ ಉಳಿದ ಮುದುಕರ ಮನೆಗಳು ಯಾವುವು, ಬಸುರಿಯರು ಯಾರು, ಜೀಪು, ಟೆಂಪೋ ಯಾರ ಹತ್ತಿರ ಇವೆ, ಕಬ್ಬಿನ ಗ್ಯಾಂಗುಗಳು ಯಾವ ಹೊಲದಲ್ಲಿ ಇಳಿದಿವೆ, ಇಷ್ಟನ್ನು ಓಣಿಗೊಂದರಂತೆ ಹಾಳೆಯಲ್ಲಿ ಬರೆದು, ಪ್ರತಿ ಒಂಟಿ ಮನೆಗೂ ದಿನಕ್ಕೊಮ್ಮೆ ಬಾಗಿಲು ತಟ್ಟುವವರ ಹೆಸರನ್ನು ಎದುರಿಗೆ ಬರೆಯಬೇಕು. ಎಲ್ಲ ಜಾತಿಯ ಓಣಿಗಳೂ ಆ ಹಾಳೆಗಳಲ್ಲಿ ಇರಬೇಕು. ಹಂಗಾಮು ಶುರುವಾಗುವ ಮೊದಲು, ದೀಪಾವಳಿಯ ಒಳಗೆ, ನಮ್ಮ ಊರುಗಳ ಬಸವ ಬಳಗಗಳು ಇದನ್ನು ಕೈಗೆತ್ತಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.