ತಾಯಿ ಕಾರ್ಡಿನಲ್ಲಿ ಯಾರ ನಂಬರು?

ನಮ್ಮ ಸದಸ್ಯರಲ್ಲಿ ಹಲವರ ಹೆಣ್ಣುಮಕ್ಕಳು ಮದುವೆಯಾಗಿ ಬೆಂಗಳೂರಿನ ಬಾಣಸವಾಡಿ ಕಡೆ ನೆಲೆಸಿದ್ದಾರೆ. ಗರ್ಭಿಣಿಯಾದಾಗ ತಾಯಿ ಕಾರ್ಡ್ ಅಲ್ಲಿ ಆಗುತ್ತದೆ. ಚೊಚ್ಚಲ ಹೆರಿಗೆಗೆ ಬರುವುದು ಮಾತ್ರ ತವರಿನ ತೋಟದ ಮನೆಗೆ. ಕಾರ್ಡಿಗೆ ಬರೆಸಿರುವುದು ಎಷ್ಟೋ ವೇಳೆ ಗಂಡನ ಮೊಬೈಲ್ ನಂಬರು. ಮಗುವಿನ ಚುಚ್ಚುಮದ್ದಿನ ದಿನ ನೆನಪಿಸುವ ಸಂದೇಶ ಬಾಣಸವಾಡಿಯಲ್ಲಿ ಆತನ ಜೇಬಿನಲ್ಲಿ ಸದ್ದು ಮಾಡಿದರೆ ಇಲ್ಲಿರುವ ಬಾಣಂತಿಗೆ ಏನು ಪ್ರಯೋಜನ?

ಇಂಥ ಸಂದೇಶಗಳನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ದಕ್ಷಿಣ ಆಫ್ರಿಕಾ 2014ರಲ್ಲೇ ‘ಮಾಮ್‌ಕನೆಕ್ಟ್’ ಹೆಸರಿನಲ್ಲಿ ಗರ್ಭಿಣಿಯರಿಗೆ ಎಸ್ಸೆಮ್ಮೆಸ್ ಕಳಿಸತೊಡಗಿತು. ಕೇಂದ್ರ ಸರ್ಕಾರ 2016ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭಿಸಿದ ‘ಕಿಲ್ಕಾರಿ’ ಓದು ಬಾರದವರಿಗೂ ತಲುಪುವಂತೆ ಧ್ವನಿ ಕರೆಯನ್ನೇ ಆರಿಸಿತು: ಬಸಿರಿನ ನಾಲ್ಕನೇ ತಿಂಗಳಿಂದ ಮಗುವಿಗೆ ವರ್ಷ ತುಂಬುವವರೆಗೆ, ವಾರಕ್ಕೊಂದರಂತೆ 72 ಸಂದೇಶ. ಆದರೂ ಮಧ್ಯಪ್ರದೇಶದ ಅಧ್ಯಯನವೊಂದರಲ್ಲಿ ಕುಟುಂಬ ಯೋಜನಾ ಸಾಧನಗಳ ಬಳಕೆ ತುಸು ಹೆಚ್ಚಿತೇ ವಿನಾ ಬರೀ ಎದೆಹಾಲು ಕೊಡುವ ರೂಢಿ ಹೆಚ್ಚಲಿಲ್ಲ. ಅಜ್ಜಿ ಜೇನು ನೆಕ್ಕಿಸುವ ಮನೆಯಲ್ಲಿ ಫೋನಿನ ಮಾತು ಎಷ್ಟು ನಡೆದೀತು! ಆಶಾ ಕಾರ್ಯಕರ್ತೆ ಬಂದು ಅಜ್ಜಿಯ ಎದುರೇ ಹೇಳಬೇಕು.

ನಮ್ಮ ಲೈನುಮನೆಗಳ ಪಾಡು ಇನ್ನೂ ಕಷ್ಟ. ಅಸ್ಸಾಮಿನಿಂದ ಬಂದ ಹೆಣ್ಣಾಳಿಗೆ ಕನ್ನಡ ಬಾರದು; ಫೋನು ಗಂಡನದೋ ಮೇಸ್ತ್ರಿಯದೋ; ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ. ಕಾಫಿ ಕೊಯ್ಲಿನ ಕಾಲದಲ್ಲಿ ಆಕೆ ತಪಾಸಣೆಗೆ ಹೋದರೆ ಆ ದಿನದ ಕೂಲಿ ಹಿಡಿಯುವ ಮಾಲೀಕರೂ ಇದ್ದಾರೆ. ಇದು ಸಲ್ಲದು. ಸಂದೇಶ ಬಂದರೂ ಹೋಗಲಾಗದಿದ್ದರೆ ಅದು ಬಂದೇನು ಫಲ?

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ. ಮಗಳಿರಲಿ, ಆಳಿರಲಿ, ಕಾರ್ಡಿಗೆ ಆಕೆಯ ಕೈಯಲ್ಲಿರುವ ಫೋನಿನ ನಂಬರನ್ನೇ ಬರೆಸಿರಿ. ತವರಿಗೆ ಬಂದವಳ ಕಾರ್ಡನ್ನು ಆ ವಾರವೇ ಊರಿನ ಆಶಾ ಕಾರ್ಯಕರ್ತೆಗೆ ತೋರಿಸಿರಿ. ತಪಾಸಣೆಯ ದಿನದ ಕೂಲಿ ಹಿಡಿಯಬೇಡಿರಿ.