ಕೌದಿಯ ಹೊಸ ಬಟ್ಟೆ: ಕುಗ್ಗುವ ಮೀಟರಿಗೂ ಲೆಕ್ಕವಿರಲಿ

ವಿಜಯಪುರ ಸೀಮೆಯ ಕೌದಿ ವರ್ಷಗಟ್ಟಲೆ ಬಾಳುತ್ತಿದ್ದುದಕ್ಕೆ ಹೊಲಿಗೆಯೊಂದೇ ಕಾರಣವಲ್ಲ. ಹಳೆಯ ಇಲಕಲ್ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿಯುತ್ತಿದ್ದ ಕಾಲದಲ್ಲಿ, ಆ ಬಟ್ಟೆ ಅದಾಗಲೇ ನೂರಾರು ಸಲ ನೀರು ಕಂಡಿರುತ್ತಿತ್ತು. ಕುಗ್ಗುವಷ್ಟು ಕುಗ್ಗಿ, ಬಣ್ಣ ಬಿಡುವಷ್ಟು ಬಿಟ್ಟು ಮುಗಿದಿರುತ್ತಿತ್ತು. ಬಟ್ಟೆ ಸಿದ್ಧಗೊಳಿಸುವ ಕೆಲಸವನ್ನು ಮನೆಬಳಕೆಯೇ ಪುಕ್ಕಟೆಯಾಗಿ ಮಾಡಿಕೊಡುತ್ತಿತ್ತು.

ಮಾರಾಟಕ್ಕೆಂದು ಹೊಲಿಯುವ ಕೌದಿಯ ಸ್ಥಿತಿ ಬೇರೆ. ಸ್ಟೇಷನ್ ರಸ್ತೆಯಲ್ಲಿ ಕೋರಾ ಬಟ್ಟೆಯ ಥಾನು ಕೊಂಡು, ಕೈಯಿಂದ ಬಣ್ಣ ಹಾಕಿ, ತಿಕೋಟಾ ಅಥವಾ ಬಬಲೇಶ್ವರದ ಮನೆಗಳಿಗೆ ಹೊಲಿಯಲು ಕೊಟ್ಟರೆ, ಮೊದಲ ಒಗೆತದಲ್ಲಿಯೇ ಒಂದು ತುಂಡು ಮುದುಡಿ, ಇನ್ನೊಂದರ ಕೆಂಪು ಪಕ್ಕದ ಬಿಳುಪಿಗೆ ಇಳಿಯುವ ಸಂಭವವುಂಟು. ಸರಕು ಮರಳಿ ಬಂದಾಗ ಬಟ್ಟೆ ಮಾರಿದವರ ಹಣ ಕೈ ಸೇರಿರುತ್ತದೆ. ವಾರಗಟ್ಟಲೆ ಕುಳಿತು ಹೊಲಿದ ಹೆಣ್ಣುಮಗಳ ಕೂಲಿಗೆ ಕತ್ತರಿ ಬೀಳುತ್ತದೆ. ಇದು ನ್ಯಾಯವೂ ಅಲ್ಲ, ಒಳ್ಳೆಯ ವ್ಯಾಪಾರವೂ ಅಲ್ಲ.

ದೋಷ ಹುಟ್ಟುವುದು ಖರೀದಿಯಲ್ಲಿ. ತೆಳುವಾದ ಮಲ್ಮಲ್ ನೋಟಕ್ಕೆ ಚೆಂದ, ಸೂಜಿಗೂ ಹಗುರ. ಆದರೆ ಮೇಲ್ಪದರಕ್ಕೆ ಅದೊಂದನ್ನೇ ನೆಚ್ಚಿದರೆ ಬೇಗ ಸವೆಯುತ್ತದೆ. ಪೇಟೆಯಲ್ಲಿ ಮಾಂಜರಪಾಟ ಎನ್ನುವ ಬಟ್ಟೆ ಗಟ್ಟಿ, ಆದರೆ ಗಂಜಿಯ ಬಿಗಿಯನ್ನೇ ನೇಯ್ಗೆಯ ಬಿಗಿಯೆಂದು ನಂಬಿ ಮೋಸಹೋಗುವವರು ಬಹಳ. ಬಟ್ಟೆಯನ್ನು ಅಂಗೈಯಲ್ಲಿ ಉಜ್ಜಿದಾಗ ಬಿಳಿ ಪುಡಿ ಉದುರಿದರೆ ಗಂಜಿ ಹೆಚ್ಚೆಂದು ತಿಳಿಯಬೇಕು. ಒಂದೆರಡು ಎಳೆ ಸುಟ್ಟು ನೋಡುವುದೂ ಒಳ್ಳೆಯದು: ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿಯ ಬಣ್ಣ ಪಾಲಿಯೆಸ್ಟರಿಗೆ ಹಿಡಿಯದು.

ಮಗ್ಗದಲ್ಲಿ ಹಾಸಿನ ಎಳೆ ಹರಿಯದಂತೆ ಗಂಜಿ ಹಚ್ಚಿರುತ್ತಾರೆ. ಹತ್ತಿಯಲ್ಲಿ ಸಹಜವಾದ ಮೇಣವೂ ಇದೆ. ಇವೆರಡೂ ಬಣ್ಣಕ್ಕೆ ಅಡ್ಡಿ. ಥಾನನ್ನು ರಾತ್ರಿಯಿಡೀ ಬೆಚ್ಚನೆಯ ನೀರಿನಲ್ಲಿ ನೆನೆಸಿ, ಮರುದಿನ ಕಿಲೋ ಬಟ್ಟೆಗೆ ಸುಮಾರು 40 ಗ್ರಾಂ ಸೋಡಾ ಪುಡಿ ಮತ್ತು ಸ್ವಲ್ಪ ಸಾಬೂನು ಹಾಕಿ ಒಂದು ಗಂಟೆ ಕುದಿಸಿ ಜಾಲಿಸಿದರೆ ಬಹುಪಾಲು ಹೋಗುತ್ತದೆ. ಒಣಗಿದ ಮೇಲೆ ಒಂದು ಹನಿ ನೀರು ಬಿಡಬೇಕು. ಹನಿ ಮುತ್ತಿನಂತೆ ನಿಂತರೆ ಮತ್ತೊಮ್ಮೆ ಕುದಿಸಬೇಕು, ಕೂಡಲೇ ಇಂಗಿದರೆ ಬಟ್ಟೆ ಸಿದ್ಧ. ಕೊಳವೆ ಬಾವಿಯ ಗಡಸು ನೀರಿನಲ್ಲಿ ಸಾಬೂನು ಒಡೆದು ಬಟ್ಟೆಗೆ ಅಂಟುವುದರಿಂದ, ಸಾಧ್ಯವಾದರೆ ಮಳೆನೀರು ಅಥವಾ ನಲ್ಲಿಯ ಮೆದು ನೀರು ಬಳಸುವುದು ಲೇಸು. ಬಣ್ಣ ಹಾಕಿದ ಮೇಲೂ, ಎಳೆಗೆ ಅಂಟದೆ ಉಳಿದ ಬಣ್ಣ ಪೂರ್ತಿ ಹೋಗುವವರೆಗೆ ಬಿಸಿನೀರಿನಲ್ಲಿ ತೊಳೆಯಲೇಬೇಕು.

ಇಷ್ಟೆಲ್ಲ ಮಾಡಲು ಸೌದೆ, ನೀರು, ಆಳು ಬೇಕು. ಆದರೆ ಈ ಖರ್ಚು ಯಾರ ಖಾತೆಯಲ್ಲಿಯೂ ಕಾಣುವುದಿಲ್ಲ. ಉದಾಹರಣೆಗೆ, ಮೀಟರಿಗೆ 60 ರೂಪಾಯಿಯಂತೆ 100 ಮೀಟರ್ ಕೊಂಡರೆ 6,000 ರೂಪಾಯಿ. ಸಿದ್ಧತೆಗೆ 600 ರೂಪಾಯಿ ತಗುಲಿ, ನೂರಕ್ಕೆ ಎಂಟರಷ್ಟು ಕುಗ್ಗಿದರೆ ಕೈಯಲ್ಲಿ ಉಳಿಯುವುದು 92 ಮೀಟರ್. ಆಗ ನಿಜವಾದ ಬೆಲೆ ಮೀಟರಿಗೆ ಸುಮಾರು 72 ರೂಪಾಯಿ. ಅರವತ್ತರ ಲೆಕ್ಕದಲ್ಲಿ ಬೆಲೆ ಕಟ್ಟಿದವರು ಪ್ರತಿ ಮೀಟರಿಗೆ 12 ರೂಪಾಯಿ ಕಳೆದುಕೊಂಡಿರುತ್ತಾರೆ; ವರ್ಷದ ಕೊನೆಯಲ್ಲಿ ಲಾಭ ಎಲ್ಲಿ ಹೋಯಿತೆಂದು ಹುಡುಕುತ್ತಾರೆ. ಬೆಲೆ ಏರಿಸಿ ತುಂಬಿಕೊಳ್ಳೋಣವೆಂದರೆ ಅದಕ್ಕೂ ಮಿತಿಯಿದೆ. 2025ರ ಸೆಪ್ಟೆಂಬರ್ 22ರಿಂದ ಹತ್ತಿಯ ಕೌದಿಯೊಂದರ ಮಾರಾಟ ಬೆಲೆ 2,500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಶೇ. 5, ಮೀರಿದರೆ ಶೇ. 18.

ಆದ್ದರಿಂದ ಈ ಕೆಲಸವನ್ನು ಪ್ರತಿ ಮನೆಯ ಒಲೆಗೆ ಹಂಚುವ ಬದಲು ಬಟ್ಟೆ ವರ್ತಕರೇ ವಹಿಸಿಕೊಳ್ಳುವುದು ಉಚಿತ. ನಾಲ್ಕಾರು ಅಂಗಡಿಗಳು ಸೇರಿ ಒಂದೇ ಕಡೆ ಕುದಿಸಿದರೆ ಮೀಟರಿನ ಖರ್ಚು ಇಳಿಯುತ್ತದೆ. ಗಿರಾಕಿ ಅಗ್ಗದ್ದನ್ನೇ ಕೇಳುತ್ತಾನೆಂಬ ಆಕ್ಷೇಪ ಸಹಜ. ಅದು ಸುಳ್ಳೂ ಅಲ್ಲ. ಆದರೆ 60 ರೂಪಾಯಿಯ ಕೋರಾ ಥಾನಿನ ಪಕ್ಕದಲ್ಲಿ 75 ರೂಪಾಯಿಯ ತೊಳೆದ ಥಾನನ್ನಿಟ್ಟು, ಎರಡರ ಮೇಲೂ ಒಂದೊಂದು ಹನಿ ನೀರು ಬಿಟ್ಟು ತೋರಿಸಿದ ಅಂಗಡಿಗಳು ಎಷ್ಟಿವೆ? ಬಿಲ್ಲಿನಲ್ಲಿ ‘ತೊಳೆದು ಕುಗ್ಗಿಸಿದ ಬಟ್ಟೆ’ ಎಂದು ಬರೆದುಕೊಟ್ಟರೆ, ನಾಳೆ ಸರಕು ಮರಳಿದಾಗ ಹೊಣೆ ಯಾರದೆಂಬುದು ಆ ಚೀಟಿಯಲ್ಲಿಯೇ ಇರುತ್ತದೆ.