ಸೊಲ್ಲಾಪುರದ ಬೇಲಿ, ನಮ್ಮೂರ ರೌಡಿ ಪಟ್ಟಿ

ಚಾದರ ಖರೀದಿಗೆ ಸೊಲ್ಲಾಪುರಕ್ಕೆ ಹೋಗುತ್ತಿರುತ್ತೇನೆ. ಅಲ್ಲಿನ ನಾಲ್ವರು ಹುತಾತ್ಮರ ಕತೆ ನಮ್ಮಲ್ಲಿ ಕೆಲವರಿಗಾದರೂ ಗೊತ್ತು. 1931ರ ಜನವರಿ 12ರಂದು ಬ್ರಿಟಿಷರು ಯರವಾಡ ಜೈಲಿನಲ್ಲಿ ಗಲ್ಲಿಗೇರಿಸಿದ ಅವರಲ್ಲಿ ಪತ್ರಕರ್ತ ಕುರ್ಬಾನ್ ಹುಸೇನ್ ಒಬ್ಬರು. ಆದರೆ ಅದೇ ಊರಿನ ‘ಸೆಟ್ಲ್‌ಮೆಂಟ್’ ವಿಷಯ, ಅಕ್ಕಲಕೋಟೆ ಕಡೆಯ ಕನ್ನಡ ಮಾತಾಡುವ ವ್ಯಾಪಾರಿಯೊಬ್ಬರು ಹೇಳುವ ತನಕ ನನಗೂ ಗೊತ್ತಿರಲಿಲ್ಲ.

1871ರಲ್ಲಿ ಶುರುವಾದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಮುಂದೆ ಮುಂಬೈ ಪ್ರಾಂತಕ್ಕೂ ಬಂತು. ಕೈಕಾಡಿ, ಪಾರ್ಧಿಯಂಥ ಸಮುದಾಯಗಳು ಹುಟ್ಟಿನಿಂದಲೇ ಕಳ್ಳರಂತೆ! ಸಂಸಾರ ಸಮೇತ ತಂತಿ ಬೇಲಿಯೊಳಗೆ ಇಟ್ಟರು. ಹಾಜರಿ ಕೊಡಬೇಕು, ಮಿಲ್ಲಿಗೆ ದುಡಿಯಲು ಹೋಗಬೇಕು. ಕಾಮರ್ಸ್ ಓದಿದ ನನಗೆ ಲಾಭ ಯಾರಿಗೆಂದು ಬೇಗ ಅರ್ಥವಾಯಿತು.

1952ರಲ್ಲಿ ಆ ಕಾಯ್ದೆ ಹೋಯಿತು. 1959ರಲ್ಲಿ ಮುಂಬೈ ರಾಜ್ಯ ‘ರೂಢಿಗತ ಅಪರಾಧಿ’ ಕಾಯ್ದೆ ತಂದಿತು. ಎಲ್ಲೋ ಕಳ್ಳತನವಾದರೆ ಪೊಲೀಸರ ಸಂಶಯ ಇಂದಿಗೂ ಪಾರ್ಧಿ ಗುಡಿಸಲಿನತ್ತ. ಲಾಠಿ ಆಮೇಲೆ ಬರುತ್ತದೆ, ಹೆಸರು ಮೊದಲೇ ಬರೆದಿಟ್ಟಿರುತ್ತದೆ. ಇಂಥ ಸಮುದಾಯದವರನ್ನು ಮನಬಂದಂತೆ ಬಂಧಿಸಬಾರದೆಂದು 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಪೊಲೀಸರಿಗೆ ಹೇಳಬೇಕಾಯಿತು, ಸ್ವಾತಂತ್ರ್ಯ ಬಂದು 77 ವರ್ಷದ ಮೇಲೆ.

ನಮ್ಮ ಕರಾವಳಿಯಲ್ಲಿ ರೌಡಿ ಪಟ್ಟಿ ಇದೆ. ನಿಜವಾದ ಗೂಂಡಾಗಳ ಮೇಲೆ ನಿಗಾ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಯಾವುದೋ ಗಲಾಟೆ ಕೇಸಲ್ಲಿ ಹೆಸರು ಸೇರಿ, ಖುಲಾಸೆಯೂ ಆದ ಹುಡುಗನಿಗೆ ಚುನಾವಣೆ ಬಂದಾಗಲೆಲ್ಲ ಠಾಣೆಯಿಂದ ಫೋನ್ ಯಾಕೆ? ಹೆಸರು ತೆಗೆಯಿರಿ ಎಂದು ಲಿಖಿತ ಅರ್ಜಿ ಕೊಡಬಹುದು, ಆಗದಿದ್ದರೆ ಹೈಕೋರ್ಟಿಗೆ ಹೋಗಬಹುದು. ಆ ಅರ್ಜಿ ಬರೆದುಕೊಡುವ ಒಬ್ಬ ವಕೀಲರಾದರೂ ನಿಮ್ಮ ಜಮಾಅತ್‌ನಲ್ಲಿ ಇದ್ದಾರಾ?